ಶಾಲೆಯ ತೋಟಕ್ಕೆ ಮೊದಲು ಮೇಷ್ಟ್ರು ತೋಟಕ್ಕೆ

ಜೂನ್ ಬಂದರೆ ಶಾಲಾ ಕೈತೋಟಕ್ಕೆ ಹಬ್ಬ. ಪರಿಸರ ದಿನದ ನೆಪದಲ್ಲಿ ಮಡಿ ಏರುತ್ತದೆ, ಎಸ್‌ಡಿಎಂಸಿ ಅಧ್ಯಕ್ಷರು ಸಸಿಗೆ ನೀರೆರೆಯುತ್ತಾರೆ, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಕಾಂಪೌಂಡಿನ ಮೇಲೆ ಹಸಿರು ಬಣ್ಣದಲ್ಲಿ ‘ಶಾಲಾ ಪೌಷ್ಟಿಕ ಕೈತೋಟ’ ಎಂದು ಬರೆಸುವುದೂ ಆಗುತ್ತದೆ. ಫೆಬ್ರುವರಿಯಲ್ಲಿ ಹೋಗಿ ನೋಡಿದರೆ ಎಷ್ಟೋ ಕಡೆ ಹಸಿರಾಗಿ ಉಳಿದಿರುವುದು ಆ ಬರಹ ಮಾತ್ರ.

ಕಾರಣ ಕೇಳಿದರೆ ಉತ್ತರ ಸಿದ್ಧವಾಗಿದೆ. ನೀರಿಲ್ಲ, ಜಾಗವಿಲ್ಲ, ಕೋತಿಗಳ ಕಾಟ, ಪಾಠ ಮುಗಿಸುವುದಕ್ಕೇ ಸಮಯ ಸಾಲದು. ಒಂದೂ ಸುಳ್ಳಲ್ಲ. ಆದರೆ ಅದೇ ಬೀದಿಯಲ್ಲಿ, ಅದೇ ಕೋತಿಗಳ ನಡುವೆ, ವಾರಕ್ಕೆರಡು ಸಲ ಬರುವ ಅದೇ ನಲ್ಲಿ ನೀರಿನಲ್ಲಿ ಯಾರೋ ಅಜ್ಜಿಯ ಹಿತ್ತಲಲ್ಲಿ ಬಸಳೆ ಚಪ್ಪರ ತುಂಬಿರುತ್ತದೆ. ಅಜ್ಜಿಗೆ ಬಸಳೆ ಗೊತ್ತು, ಮೇಷ್ಟ್ರಿಗೆ ಸುತ್ತೋಲೆ ಗೊತ್ತು. ಇದು ಮೇಷ್ಟ್ರ ತಪ್ಪಲ್ಲ. ಡಿ.ಇಡಿ, ಬಿ.ಇಡಿ ಮುಗಿಸಿ ಬಂದವರಿಗೆ ಮಡಿಯ ಅಗಲ ಎಷ್ಟಿರಬೇಕು, ಹರಿವೆ ಬೀಜವನ್ನು ಎಷ್ಟು ಆಳಕ್ಕೆ ಬಿತ್ತಬೇಕು, ನಲವತ್ತು ಮಕ್ಕಳನ್ನು ಗುದ್ದಲಿಯ ಸುತ್ತ ಹೇಗೆ ನಿಲ್ಲಿಸಬೇಕು ಎಂದು ಯಾರೂ ಕಲಿಸಿಲ್ಲ. ಇಂಥ ಸಂಗತಿ ಸಭಾಂಗಣದಲ್ಲಿ ಕುಳಿತು ಕಲಿಯುವಂಥದ್ದೂ ಅಲ್ಲ. ಅದಕ್ಕಾಗಿ ಮೇಷ್ಟ್ರನ್ನೇ ಎರಡು ಮೂರು ದಿನ ಒಂದು ತೋಟಕ್ಕೆ ಕರೆದೊಯ್ದು ಕೈಗೆ ಮಣ್ಣು ಹಚ್ಚಿಸಬೇಕು.

ಹೇಳಬೇಕಾದ್ದನ್ನು ಸರ್ಕಾರ ಹೇಳಿಯಾಗಿದೆ. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಶಾಲಾ ಪೌಷ್ಟಿಕ ಕೈತೋಟಗಳ ಮಾರ್ಗಸೂಚಿ ಹೊರಡಿಸಿತು. ನೆಲವಿಲ್ಲದಿದ್ದರೆ ತಾರಸಿಯ ಮೇಲೆ, ಕುಂಡದಲ್ಲಿ, ಹಳೆಯ ಡಬ್ಬಿಗಳಲ್ಲಾದರೂ ಬೆಳೆಯಿರಿ. ಬೆಳೆದದ್ದನ್ನು ಬಿಸಿಯೂಟಕ್ಕೆ ಬಳಸಿ. ಕೃಷಿ ವಿಜ್ಞಾನ ಕೇಂದ್ರಗಳ ನೆರವು ಪಡೆಯಿರಿ ಎಂದೆಲ್ಲ ಅದರಲ್ಲಿದೆ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ನೆಲಗಟ್ಟು ಅದಕ್ಕೂ ಮೊದಲೇ ಇತ್ತು. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಶಾಲೆಗಳಲ್ಲಿ ಒಲೆ ಉರಿಯುತ್ತಿದೆ, ಉಣ್ಣುವ ಮಕ್ಕಳಿದ್ದಾರೆ, ಬಹಳಷ್ಟು ಹಳ್ಳಿ ಶಾಲೆಗಳಲ್ಲಿ ಅಂಗಳವೂ ಇದೆ.

ನಮ್ಮಲ್ಲಿ ತರಬೇತಿ ಎಂದರೆ ಏನೆಂದು ಶಿಕ್ಷಕರನ್ನೇ ಕೇಳಿ ನೋಡಿ. ಬಿಆರ್‌ಸಿ ಸಭಾಂಗಣ, ಪರದೆ, ಒಂದು ಕಡತ, ಮಧ್ಯಾಹ್ನ ಊಟ, ಸಂಜೆ ಹಾಜರಾತಿ ಸಹಿ. ಭಾಷೆಗೂ ಗಣಿತಕ್ಕೂ ಅದು ಒಂದು ಮಟ್ಟಿಗೆ ನಡೆಯುತ್ತದೆಯೇನೋ. ಜೋಳದ ರೊಟ್ಟಿ ತಟ್ಟುವುದನ್ನು ಪರದೆಯ ಮೇಲೆ ತೋರಿಸಿದರೆ ಹಿಟ್ಟಿನ ಹದ ಬೆರಳಿಗೆ ತಿಳಿಯುವುದಿಲ್ಲ, ಮಣ್ಣಿನ ಹದವೂ ಹಾಗೆಯೇ.

ಶಿಕ್ಷಕರಿಗೆ ತೋಟದಲ್ಲೇ ಕೊಡುವ ತರಬೇತಿಯನ್ನು ಬಹಳ ಕಾಲದಿಂದ, ಗಂಭೀರವಾಗಿ ನಡೆಸಿಕೊಂಡು ಬಂದ ಒಂದು ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್. 1967ರಲ್ಲಿ ಆ್ಯಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರ ಅಲ್ಲಿನ ವಿಶ್ವವಿದ್ಯಾಲಯದ ಒಂದು ಇಳಿಜಾರಿನಲ್ಲಿ ಗುದ್ದಲಿ ಹಿಡಿದು ನಿಂತರು, ವಿದ್ಯಾರ್ಥಿಗಳು ಬಂದು ಸೇರಿಕೊಂಡರು. ಯಂತ್ರವಿಲ್ಲದೆ, ಆಳವಾಗಿ ಅಗೆದು ಮಡಿ ಕಟ್ಟುವ ಆ ಕೆಲಸದಿಂದ ಮುಂದೆ ವಿಶ್ವವಿದ್ಯಾಲಯದ ಸಾವಯವ ಜಮೀನು ಬೆಳೆಯಿತು. ಅದೇ ಊರಿನಲ್ಲಿ 1979ರಲ್ಲಿ ‘ಲೈಫ್ ಲ್ಯಾಬ್’ ಎಂಬ ಸಂಸ್ಥೆ ಹುಟ್ಟಿತು. ಒಂದು ಪ್ರಾಥಮಿಕ ಶಾಲೆಯ ತೋಟದಲ್ಲಿ ವಿಜ್ಞಾನ ಕಲಿಸುತ್ತ ಆರಂಭವಾದ ಪ್ರಯತ್ನ ಅದು. ಮುಂದೆ ವಿಶ್ವವಿದ್ಯಾಲಯದ ಜಮೀನಿನಲ್ಲೇ ಒಂದು ‘ತೋಟದ ತರಗತಿ’ ಮಾಡಿಕೊಂಡು ಶಿಕ್ಷಕರಿಗೆ ಕಾರ್ಯಾಗಾರ ನಡೆಸತೊಡಗಿದರು. ಶಿಕ್ಷಕರು ಅಲ್ಲಿಗೆ ಬರುವುದು ಕೃಷಿಕರಾಗಲು ಅಲ್ಲ. ಒಂದು ಮಡಿಯ ಸುತ್ತ ಮಕ್ಕಳನ್ನು ಕೂರಿಸಿಕೊಂಡು ವಿಜ್ಞಾನ, ಗಣಿತ, ಊಟ ಮೂರನ್ನೂ ಒಟ್ಟಿಗೆ ಕಲಿಸುವುದನ್ನು ಮಾಡಿ ನೋಡಲು. ಹೀಗೆ ಪಳಗಿದ ಚಟುವಟಿಕೆಗಳನ್ನು ‘ದ ಗ್ರೋಯಿಂಗ್ ಕ್ಲಾಸ್‌ರೂಮ್’ ಎಂಬ ಪುಸ್ತಕವಾಗಿಯೂ ತಂದರು.

ಆ ರಾಜ್ಯದ್ದೇ ಇನ್ನೊಂದು ಪ್ರಸಂಗವಿದೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಣ ಮುಖ್ಯಸ್ಥೆ ಡಿಲೇನ್ ಈಸ್ಟಿನ್ ಪ್ರತಿ ಶಾಲೆಗೂ ಒಂದು ತೋಟ ಎಂಬ ಕರೆ ಕೊಟ್ಟರು. ಅದೇ ವರ್ಷ ಬರ್ಕ್ಲಿಯಲ್ಲಿ ಆ್ಯಲಿಸ್ ವಾಟರ್ಸ್ ಎಂಬ ಹೋಟೆಲಿನೊಡತಿ ಒಂದು ಮಾಧ್ಯಮಿಕ ಶಾಲೆಯ ಡಾಂಬರು ಅಂಗಳವನ್ನು ಒಡೆಸಿ ಸುಮಾರು ಒಂದು ಎಕರೆ ತೋಟ ಮಾಡಿಸುವ ಕೆಲಸಕ್ಕೆ ಕೈಹಾಕಿದರು. ಅವರ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ತೋಟಕ್ಕಿಂತ ಹೆಚ್ಚಾಗಿ ಅದರ ಪಕ್ಕದ ಅಡುಗೆಮನೆ. ಬೆಳೆದದ್ದನ್ನು ಮಕ್ಕಳೇ ಹೆಚ್ಚಿ, ಬೇಯಿಸಿ, ಒಟ್ಟಿಗೆ ಕೂತು ತಿನ್ನುವ ತನಕ ಅಲ್ಲಿ ಪಾಠ ಮುಗಿಯುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ಆ ದೇಶ ಕಟ್ಟಿದ ‘ಶಾಲಾ ತೋಟದ ಸೇನೆ’. ಮಕ್ಕಳನ್ನು ಸೈನಿಕರೆಂದು ಕರೆದು ತರಕಾರಿ ಬೆಳೆಸಿದರು. ಯುದ್ಧ ಮುಗಿದು ಹಣ ನಿಂತಿತು, ಸೇನೆಯೂ ಚದುರಿತು. ಅಭಿಯಾನದ ಬಿಸಿಯಲ್ಲಿ ಎದ್ದ ತೋಟಗಳ ಪಾಡೇ ಇಷ್ಟು, ಅಮೆರಿಕವಾದರೇನು, ನಮ್ಮ ತಾಲ್ಲೂಕಾದರೇನು.

ಇನ್ನು, ತೋಟದಲ್ಲಿ ಶಿಕ್ಷಕರು ನಿಜವಾಗಿ ಏನು ಕಲಿಯಬೇಕು?

ಮೊದಲ ದಿನ ಬರುವಾಗಲೇ ಪ್ರತಿಯೊಬ್ಬರೂ ತಮ್ಮ ಶಾಲೆಯ ಅಂಗಳದಿಂದ ಒಂದು ಚೀಲ ಮಣ್ಣು ತರಬೇಕು. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ಮೇಲೆ ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ನಯವಾದ ಗೋಡುಮಣ್ಣು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಜೇಡಿ ಒಂದು ದಿನ, ಕೆಲವೊಮ್ಮೆ ಎರಡು ದಿನ ನೀರಿನಲ್ಲೇ ತೇಲುತ್ತಿರುತ್ತದೆ. ಮಾರನೆಯ ದಿನ ಸ್ಕೇಲು ಹಿಡಿದು ಪದರಗಳನ್ನು ಅಳೆದರೆ ಆಯಿತು. ಎಂಟು ಸೆಂಟಿಮೀಟರ್ ಮಣ್ಣಿನಲ್ಲಿ ನಾಲ್ಕು ಮರಳಾದರೆ ಶೇಕಡಾ ಐವತ್ತು. ಶೇಕಡಾವಾರು ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲಿದೆ? ಬಾಟಲಿಗಳನ್ನು ಸಾಲಾಗಿ ಇಟ್ಟಾಗ ಇನ್ನೊಂದು ಸತ್ಯ ಹೊರಬೀಳುತ್ತದೆ. ಶಾಲೆ ಕಟ್ಟುವಾಗ ನೆಲ ಮಟ್ಟಮಾಡಲು ಸುರಿದ ಗೊರಚು, ಇಟ್ಟಿಗೆ ಚೂರು, ಸಿಮೆಂಟು ಪುಡಿಯನ್ನೇ ಎಷ್ಟೋ ಜನ ಮಣ್ಣೆಂದು ನಂಬಿರುತ್ತಾರೆ. ಅಲ್ಲಿ ಅಗೆದು ಬಿತ್ತುವುದು ಶ್ರಮದಾನವೇ ಹೊರತು ಕೃಷಿಯಲ್ಲ. ಅಂಥ ಕಡೆ ಕೆರೆಗೋಡು, ಕೊಟ್ಟಿಗೆ ಗೊಬ್ಬರ ತಂದು ನೆಲದ ಮೇಲೆ ಏರುಮಡಿ ಕಟ್ಟಬೇಕು. ಊರಿನ ಒಂದು ಟ್ರ್ಯಾಕ್ಟರ್ ಒಂದು ಬೆಳಿಗ್ಗೆ ಬಿಡುವಾದರೆ ಮುಗಿಯುವ ಕೆಲಸ ಇದು.

ಮಡಿಯ ಅಳತೆಯಲ್ಲೂ ಸಣ್ಣದೊಂದು ಸೂಕ್ಷ್ಮವಿದೆ. ದೊಡ್ಡವರ ತೋಟದಲ್ಲಿ ನಾಲ್ಕು ಅಡಿ ಅಗಲ ನಡೆಯುತ್ತದೆ. ಮಕ್ಕಳ ತೋಟದಲ್ಲಿ ಮೂರಡಿ ದಾಟಬಾರದು. ಎರಡೂ ಬದಿಯಿಂದ ಕುಕ್ಕರಗಾಲಲ್ಲಿ ಕೂತ ಮಗುವಿನ ಕೈ ನಡುವಿಗೆ ಎಟುಕದಿದ್ದರೆ ಅದು ಮಡಿಯೊಳಗೇ ಕಾಲಿಡುತ್ತದೆ, ಮಣ್ಣು ತುಳಿದು ಗಟ್ಟಿಯಾಗುತ್ತದೆ. ಓಡಾಡುವ ದಾರಿ ಮಾತ್ರ ಧಾರಾಳವಾಗಿರಲಿ, ಮಕ್ಕಳು ಓಡದೆ ನಡೆಯುವುದಿಲ್ಲ. ಮಗುವಿಗೊಂದು ತುಂಡು ನೆಲವೋ, ಎಲ್ಲರಿಗೂ ಸೇರಿದ್ದೋ ಎಂಬ ವಾದ ಹಳೆಯದು. ಜರ್ಮನಿಯ ಶಿಕ್ಷಣ ತಜ್ಞ ಫ್ರೊಬೆಲ್ ತಮ್ಮ ಮಕ್ಕಳ ತೋಟದ ನಕ್ಷೆಯಲ್ಲಿ ಎರಡನ್ನೂ ಇಟ್ಟರು. ಮಗುವಿಗೊಂದರಂತೆ ಪುಟ್ಟ ಪಾತಿಗಳು ನಡುವೆ, ಅವುಗಳನ್ನು ಸುತ್ತುವರಿದು ಎಲ್ಲರಿಗೂ ಸೇರಿದ ಮಡಿಗಳು. ನಮ್ಮ ಶಾಲೆಗಳಲ್ಲಿ ತರಗತಿಗೊಂದು ಮಡಿ, ಬೇಲಿಯಂಚಿನ ಗಿಡಗಳು ಎಲ್ಲರವು ಎಂದು ಮಾಡಿಕೊಂಡರೆ ಸಾಕು.

ಬೀಜದ ಪಾಠಕ್ಕೆ ಒಂದು ಪೂರ್ತಿ ಮಧ್ಯಾಹ್ನ ಬೇಕು. ಬೀಜದ ದಪ್ಪದ ಎರಡು ಮೂರರಷ್ಟು ಆಳ ಎಂಬುದು ತೋಟಗಾರರ ರೂಢಿ. ಅವರೆ, ಬೀನ್ಸ್ ಕಾಳಿಗೆ ಬೆರಳಿನ ಒಂದು ಗೆಣ್ಣಿನಷ್ಟು ಆಳ. ಹರಿವೆಯಂಥ ಪುಡಿ ಬೀಜವನ್ನು ಮರಳಿನೊಂದಿಗೆ ಬೆರೆಸಿ ಮೇಲೆ ಉದುರಿಸಿ, ತೆಳುವಾಗಿ ಮಣ್ಣು ಹರಡಿದರೆ ಮುಗಿಯಿತು. ಮಕ್ಕಳು ಇದಕ್ಕೆ ತದ್ವಿರುದ್ಧ. ಆಳಕ್ಕೆ ಹೂತಷ್ಟೂ ಭದ್ರ ಎಂದು ನಂಬಿ ಹರಿವೆಯನ್ನು ಪಾತಾಳಕ್ಕೆ ಇಳಿಸುತ್ತಾರೆ. ಹತ್ತು ದಿನ ಕಾದರೂ ಮೊಳಕೆ ಕಾಣದಿದ್ದಾಗ ಶಿಕ್ಷಕರು ಬೀಜ ಸರಿಯಿಲ್ಲ ಎನ್ನುತ್ತಾರೆ. ಬೀಜ ಸರಿಯಿದೆಯೇ ಇಲ್ಲವೇ ಎಂದು ಬಿತ್ತುವ ಮೊದಲೇ ನೋಡಬಹುದು. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಕೆಲವು ದಿನಗಳಲ್ಲಿ ಉತ್ತರ ಸಿಗುತ್ತದೆ, ಏಳು ಮೊಳೆತರೆ ಶೇಕಡಾ ಎಪ್ಪತ್ತು. ಇನ್ನೊಂದು ಮಾತು. ಬೇರು ಬಂದಿದೆಯೇ ಎಂದು ಸಸಿ ಕಿತ್ತು ನೋಡದ ಮಗು ಇನ್ನೂ ಹುಟ್ಟಿಲ್ಲ. ಬೈಯುವ ಬದಲು ಕಿತ್ತು ನೋಡುವುದಕ್ಕೆಂದೇ ಒಂದು ಸಾಲು ಹೆಚ್ಚಿಗೆ ಬಿತ್ತುವುದು ಜಾಣತನ.

ಯಾವ ಬೆಳೆ ಎಂಬುದನ್ನು ನಾಲಿಗೆಯ ರುಚಿಗಿಂತ ಮಕ್ಕಳ ತಾಳ್ಮೆ ನೋಡಿ ತೀರ್ಮಾನಿಸಬೇಕು. ಹರಿವೆ, ದಂಟು, ಮೆಂತ್ಯ ಒಂದು ತಿಂಗಳೊಳಗೆ ಕೈಗೆ ಬರುತ್ತವೆ. ಮೂಲಂಗಿಗೆ ಇನ್ನು ಸ್ವಲ್ಪ ಹೆಚ್ಚು ದಿನ ಬೇಕು, ಆದರೆ ನೆಲದಿಂದ ಎಳೆದು ತೆಗೆಯುವ ಖುಷಿಗೆ ಅದೇ ಮೊದಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟಿನ ಸೊಪ್ಪನ್ನು ಹಲವು ಸಲ ಕೊಯ್ಯಬಹುದು, ಕೊಯ್ದ ಹಾಗೆ ಚಿಗುರುತ್ತದೆ. ವರ್ಷವಿಡೀ ನಿಲ್ಲುವವು ಬೇಲಿಯಂಚಿಗೆ ಹೋಗಲಿ. ನುಗ್ಗೆ, ಕರಿಬೇವು, ಪಪ್ಪಾಯ, ಚಕ್ರಮುನಿ, ನಿಂಬೆ, ನೀರು ಬಸಿಯುವ ಕಡೆ ಬಾಳೆ, ಕೆಸು. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ಶಾಲೆಗೆ ಹೇಳಿ ಮಾಡಿಸಿದಂಥ ತಳಿ. ಸಸಿ ಎರಡು ಮೂರು ಅಡಿ ಬಂದಾಗ ತುದಿ ಚಿವುಟಿದರೆ ಗಿಡ ಪೊದೆಯಾಗಿ ಹರಡುತ್ತದೆ, ಸೊಪ್ಪು ಮಕ್ಕಳ ಕೈಗೆ ಎಟುಕುತ್ತದೆ. ಚಿವುಟಲು ಶಿಕ್ಷಕರ ಕೈ ನಡುಗುತ್ತದೆ. ತೋಟದಲ್ಲಿ ಒಮ್ಮೆ ಚಿವುಟಿ, ಹೋದ ವರ್ಷ ಚಿವುಟಿದ ಗಿಡ ಹೇಗೆ ಹರಡಿದೆ ಎಂದು ಪಕ್ಕದಲ್ಲೇ ನೋಡಿದರೆ ಆ ನಡುಕ ಹೋಗುತ್ತದೆ. ತರಬೇತಿ ತೋಟದಲ್ಲೇ ಆಗಬೇಕು ಎನ್ನುವುದು ಇದಕ್ಕೇ.

ಗೊಬ್ಬರದ ಪಾಠವೂ ಲೆಕ್ಕದ ಪಾಠವೇ. ಜೀವಾಮೃತಕ್ಕೆ ರೈತರು ಎಕರೆ ಲೆಕ್ಕದಲ್ಲಿ ಹೇಳುವುದು ಇನ್ನೂರು ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಹೊಲದ ಮಣ್ಣು. ಶಾಲೆಗೆ ಇಪ್ಪತ್ತು ಲೀಟರಿನ ಬಕೆಟ್ ಸಾಕು. ಹಾಗಾದರೆ ಬೆಲ್ಲ ಎಷ್ಟು ಗ್ರಾಂ? ಆರನೇ ತರಗತಿಯ ಅನುಪಾತ ಇಲ್ಲಿ ಮೂಗಿಗೂ ತಿಳಿಯುತ್ತದೆ. ಕಾಂಪೋಸ್ಟಿಗೆ ತರಕಾರಿ ಸಿಪ್ಪೆ, ತರಗೆಲೆ, ಹುಲ್ಲು ಹೋಗಲಿ. ಉಳಿದ ಅನ್ನ ಸಾರು ಹಾಕಿದರೆ ಇಲಿ ಮತ್ತು ನಾಯಿಗಳಿಗೆ ಆಮಂತ್ರಣ.

ನೀರಿನ ವಿಷಯದಲ್ಲಿ ರೈತರು ಕೇಳುವ ಪ್ರಶ್ನೆ ಮಾರ್ಗಸೂಚಿಗಿಂತ ಹರಿತ. “ಅದೆಲ್ಲ ಸರಿ ಮೇಡಂ, ಏಪ್ರಿಲ್‌ನಲ್ಲಿ ನೀರು ಯಾರು ಹಾಕ್ತಾರೆ?” ಶಾಲಾ ತೋಟಗಳು ಸಾಯುವುದು ರೋಗದಿಂದಲ್ಲ, ರಜೆಯಿಂದ. ಹಾಗಾಗಿ ಬೆಳೆ ಪಂಚಾಂಗವನ್ನು ಶಾಲೆಯ ಪಂಚಾಂಗಕ್ಕೆ ಹೊಂದಿಸಿ ಬರೆಯುವುದೇ ತರಬೇತಿಯ ಮುಖ್ಯ ಕೆಲಸ. ಜೂನ್‌ನಲ್ಲಿ ಸೊಪ್ಪು, ಜುಲೈನಲ್ಲಿ ಬೀನ್ಸ್, ಬೆಂಡೆ. ದಸರಾ ರಜೆಗೆ ಮೊದಲು ಒಂದು ಕೊಯ್ಲು ಮುಗಿದಿರಬೇಕು, ರಜೆ ಮುಗಿದ ಮೇಲೆ ಎರಡನೆಯ ಬಿತ್ತನೆ. ಫೆಬ್ರುವರಿಗೆ ಕೊನೆಯ ಕೊಯ್ಲು. ಬೇಸಿಗೆ ರಜೆ ಬರುವ ಹೊತ್ತಿಗೆ ಮಡಿಯ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ ನೆಲವನ್ನು ಮಲಗಿಸುವುದು. ಭರಣಿ ಮಳೆ ಬಿದ್ದರೆ ಅಲಸಂದೆಯನ್ನೋ ಸೆಣಬನ್ನೋ ಎರಚಿ, ಜೂನ್‌ನಲ್ಲಿ ಅದನ್ನೇ ಮಣ್ಣಿಗೆ ಸೇರಿಸುವುದು. ಬೇಸಿಗೆಯಲ್ಲಿ ಒಣಗಿದ ಮಡಿ ಸೋಲಲ್ಲ ಎಂದು ಹೆಡ್‌ಮಾಸ್ಟರಿಗೆ ಯಾರಾದರೂ ಹೇಳಬೇಕು, ತಪಾಸಣೆಗೆ ಬರುವ ಅಧಿಕಾರಿಗೂ.

ಉಳಿದ ತಿಂಗಳುಗಳಿಗೆ ನೀರು ಶಾಲೆಯಲ್ಲೇ ಇದೆ. ಊಟದ ಮೊದಲೂ ನಂತರವೂ ಕೈ ತೊಳೆಯುವ ನೂರು ಮಕ್ಕಳು ತಲಾ ಅರ್ಧ ಲೀಟರ್ ಚೆಲ್ಲಿದರೂ ದಿನಕ್ಕೆ ಐವತ್ತು ಲೀಟರ್. ಅದಕ್ಕೇ ತೋಟದ ಜಾಗ ಕೈ ತೊಳೆಯುವ ಕಟ್ಟೆಯ ಇಳಿಜಾರಿನಲ್ಲಿರಬೇಕು, ಶೌಚಾಲಯದ ಹಿಂದೆ ಅಲ್ಲ, ಹೊಂಗೆ ಮರದ ನೆರಳಲ್ಲೂ ಅಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಪಾತ್ರೆ ತೊಳೆದ ಸೋಪಿನ ನೀರು ಬಾಳೆಯ ಪಾತಿಗೆ ಹೋಗಲಿ, ಸೊಪ್ಪಿಗೆ ಬೇಡ.

ತಾಂತ್ರಿಕ ಸಂಗತಿ ಇಷ್ಟೇ ಆಗಿದ್ದರೆ ರೈತರೇ ಶಾಲೆಗೆ ಬಂದು ಹೇಳಿಕೊಟ್ಟು ಹೋಗಬಹುದಿತ್ತು. ಆದರೆ ಒಬ್ಬ ಒಳ್ಳೆಯ ರೈತನಿಗೆ ನಲವತ್ತು ಮಕ್ಕಳನ್ನು ಕೊಟ್ಟು ನೋಡಿ, ಹತ್ತು ನಿಮಿಷದಲ್ಲಿ ಸಸಿಮಡಿ ಆಟದ ಮೈದಾನವಾಗುತ್ತದೆ. ತರಬೇತಿಯ ಎರಡನೇ ದಿನ ಒಬ್ಬ ಶಿಕ್ಷಕರು ಪಾಠ ಮಾಡಬೇಕು, ಉಳಿದ ಶಿಕ್ಷಕರು ಮಕ್ಕಳಾಗಬೇಕು. ತರಗತಿಯನ್ನು ನಾಲ್ಕು ಗುಂಪು ಮಾಡುವುದು. ಒಂದು ಗುಂಪು ಮಡಿಯಲ್ಲಿ ಶಿಕ್ಷಕರ ಜೊತೆ, ಒಂದು ಎಲೆ ಬಿಡಿಸುತ್ತ, ಒಂದು ಗಿಡದ ಎತ್ತರ ಅಳೆದು ಬರೆಯುತ್ತ, ಒಂದು ಗೊಬ್ಬರದ ಗುಂಡಿಯ ಬಳಿ, ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲು. ಗುದ್ದಲಿ, ಕುರ್ಪಿ ಸೊಂಟಕ್ಕಿಂತ ಮೇಲೆ ಏಳಬಾರದು, ಕೈಯಲ್ಲಿ ಉಪಕರಣವಿದ್ದಾಗ ಓಡಬಾರದು ಎಂಬ ಎರಡೇ ನಿಯಮ, ಆದರೆ ಕಟ್ಟುನಿಟ್ಟಾಗಿ. ತಾವೇ ಕುಕ್ಕರಗಾಲಲ್ಲಿ ಅರ್ಧ ಗಂಟೆ ಕಳೆ ಕಿತ್ತ ಮೇಲೆ ಶಿಕ್ಷಕರಿಗೆ ಮಧ್ಯಾಹ್ನ ಮೂರರ ಬಿಸಿಲಿಗೆ ತೋಟದ ಪೀರಿಯಡ್ ಹಾಕುವ ಮನಸ್ಸಾಗುವುದಿಲ್ಲ, ಅದು ತಾನಾಗಿ ಬೆಳಗಿನ ಮೊದಲ ಪೀರಿಯಡ್ಡಿಗೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ತರಬೇತಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಮಣ್ಣಿನ ಕೆಲಸಕ್ಕೆ ಜಾತಿಯಿದೆ. ತಡವಾಗಿ ಬಂದವನಿಗೆ, ಹೋಂವರ್ಕ್ ಮಾಡದವನಿಗೆ ಕಳೆ ಕೀಳುವ ಶಿಕ್ಷೆ ಕೊಡುವ ಶಾಲೆಗಳಿವೆ. ಯಾವ ಮಕ್ಕಳ ಕೈಗೆ ಮೊದಲು ಪೊರಕೆ, ಸಲಿಕೆ ಬರುತ್ತದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಹುಡುಗರು ಅಗೆಯುವುದು, ಹುಡುಗಿಯರು ನೀರು ಹೊರುವುದು ಎಂಬ ಹಂಚಿಕೆ ಯಾರೂ ಹೇಳದೆಯೇ ನಡೆದುಹೋಗುತ್ತದೆ. ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕೆಲಸದ ಮೂಲಕ ಶಿಕ್ಷಣ ಎಂಬ ನಯೀ ತಾಲೀಮ್ ಮುಂದಿಟ್ಟಾಗ, ಮಕ್ಕಳ ದುಡಿಮೆಯಿಂದಲೇ ಶಾಲೆಯ ಖರ್ಚು ಹುಟ್ಟಬೇಕೆನ್ನುವ ಭಾಗಕ್ಕೆ ಅಲ್ಲೇ ಆಕ್ಷೇಪ ಎದ್ದಿತ್ತು. ಆ ಆಕ್ಷೇಪ ಇಂದಿಗೂ ಸರಿ. ‘ನಾವು ಮಣ್ಣು ಹೊತ್ತದ್ದು ಸಾಕು, ಮಗಳು ಅಕ್ಷರ ಕಲೀಲಿ ಅಂತ ಶಾಲೆಗೆ ಕಳ್ಸಿದ್ದು’ ಎನ್ನುವ ಕೂಲಿ ತಾಯಿಯ ಮಾತಿಗೆ ಶಿಕ್ಷಕರ ಬಳಿ ಉತ್ತರವಿರಬೇಕು. ಆ ಉತ್ತರ ಭಾಷಣವಲ್ಲ. ಗುದ್ದಲಿ ಸರದಿಯ ಪಟ್ಟಿ ಗೋಡೆಯ ಮೇಲಿರುವುದು, ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಮೇಷ್ಟ್ರ ಹೆಸರೂ ಇರುವುದು, ತೋಟದಲ್ಲಿ ಅಳೆದದ್ದು ನೋಟ್‌ಬುಕ್ಕಿನಲ್ಲಿ ಲೆಕ್ಕವಾಗಿ ಕಾಣುವುದು, ತೋಟದ ಕೆಲಸವನ್ನು ಎಂದಿಗೂ ಶಿಕ್ಷೆಯಾಗಿ ಕೊಡದಿರುವುದು. ತೋಟದಲ್ಲಿ ಮೇಷ್ಟ್ರು ಮೊದಲು ಸಗಣಿಗೆ ಕೈ ಹಾಕಿದ್ದನ್ನು ಮಕ್ಕಳು ನೋಡಬೇಕು. ತಾನು ಹಿಡಿಯದ ಗುದ್ದಲಿಯನ್ನು ಮಗುವಿನ ಕೈಗೆ ಕೊಡುವ ಹಕ್ಕು ಶಿಕ್ಷಕರಿಗಿಲ್ಲ ಎಂದೇ ನನ್ನ ಅಭಿಪ್ರಾಯ.

ಬಿಸಿಯೂಟದ ಅಡುಗೆಯವರನ್ನು ಈ ತರಬೇತಿಗೆ ಕರೆಯದಿರುವುದು ದೊಡ್ಡ ಎಡವಟ್ಟು. ಯಾವ ಸೊಪ್ಪು ಎಷ್ಟು ಬೆಂದರೆ ಸಾರಿಗೆ ಒಗ್ಗುತ್ತದೆ, ನುಗ್ಗೆ ಸೊಪ್ಪಿನ ಕಹಿಯನ್ನು ಹೇಗೆ ತಗ್ಗಿಸಬೇಕು ಎಂಬುದು ಅವರಿಗೆ ಗೊತ್ತು. ಅವರಲ್ಲಿ ಬಹುಮಂದಿ ಅದೇ ಊರಿನವರು. ಮೇಷ್ಟ್ರಿಗೆ ವರ್ಗವಾದರೂ ಅವರು ಉಳಿಯುತ್ತಾರೆ, ರಜೆಯಲ್ಲಿ ಗೇಟಿನ ಕೀಲಿಕೈ ಅವರ ಹತ್ತಿರ ಇರುವ ಸಾಧ್ಯತೆಯೂ ಹೆಚ್ಚು. ಆದರೆ ಗೌರವಧನದಲ್ಲಿ ದುಡಿಯುವ ಆ ಹೆಂಗಸರ ಹೆಗಲಿಗೆ ತೋಟವನ್ನೂ ಬಿಟ್ಟಿಯಾಗಿ ಹೇರಿದರೆ ಅದು ಇನ್ನೊಂದು ಅನ್ಯಾಯ. ತರಬೇತಿಯ ದಿನಗಳ ಭತ್ಯೆ ಶಿಕ್ಷಕರಿಗೆ ಸಿಗುವಂತೆ ಅವರಿಗೂ ಸಿಗಬೇಕು.

ಇದರಿಂದ ಮಕ್ಕಳು ಹೆಚ್ಚು ತರಕಾರಿ ತಿನ್ನುತ್ತಾರೆಯೇ? ಕೇಳಲೇಬೇಕಾದ ಪ್ರಶ್ನೆ. ತೈವಾನ್ ಮೂಲದ ವಿಶ್ವ ತರಕಾರಿ ಕೇಂದ್ರ ನೇಪಾಳದ ಶಾಲಾ ತೋಟಗಳನ್ನು ಅಧ್ಯಯನ ಮಾಡಿದಾಗ ಮೊದಲು ಸಿಕ್ಕ ಫಲಿತಾಂಶ ಉತ್ಸಾಹ ತಗ್ಗಿಸುವಂತಿತ್ತು. ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ತಟ್ಟೆಯಲ್ಲಿ ತರಕಾರಿ ಹೆಚ್ಚಿರಲಿಲ್ಲ. ಶಾಲೆಯ ತೋಟದ ಜೊತೆ ಮನೆಯ ಹಿತ್ತಲನ್ನೂ, ತಾಯಂದಿರನ್ನೂ ಸೇರಿಸಿಕೊಂಡ ಮೇಲೆ ತಿನ್ನುವುದೂ ಹೆಚ್ಚಿತು. ಶಾಲಾ ತೋಟವೊಂದರಿಂದಲೇ ಅಪೌಷ್ಟಿಕತೆ ನೀಗುತ್ತದೆ ಎನ್ನುವ ಭಾಷಣಗಳನ್ನು ಹಾಗಾಗಿ ಅರ್ಧ ನಂಬಿದರೆ ಸಾಕು. ತರಬೇತಿ ಮುಗಿಸಿ ಹೊರಡುವ ಶಿಕ್ಷಕರ ಚೀಲದಲ್ಲಿ ಶಾಲೆಗಷ್ಟೇ ಅಲ್ಲ, ಮಕ್ಕಳ ಮನೆಗಳಿಗೂ ಹಂಚುವಷ್ಟು ಬೀಜ ಇರಬೇಕು ಎಂಬುದು ಆ ಅಧ್ಯಯನದ ಪಾಠ.

ಕಣ್ಣಾರೆ ಕಂಡು, ಕೈಯಾರೆ ಮಾಡಿ ಬಂದ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕಲಿಕೆಯನ್ನು ನೋಡಿದರು, ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ತಾವೇ ಬರೆದರು. ಅದೇ ‘ನಲಿ ಕಲಿ’ಯಾಗಿ ರಾಜ್ಯಕ್ಕೆಲ್ಲ ಹರಡಿತು. ಹರಡಿದ ಮೇಲೆ ಅದರ ಜೀವ ಎಷ್ಟು ಉಳಿಯಿತು ಎಂಬುದು ಬೇರೆ ಚರ್ಚೆ. ಮೂಲದಲ್ಲಿ ಅದು ಶಿಕ್ಷಕರು ಬಸ್ಸು ಹತ್ತಿ ಹೋಗಿ ನೋಡಿ ಕಲಿತದ್ದು, ಆದೇಶದಿಂದ ಇಳಿದದ್ದಲ್ಲ.

ತೋಟಗಳಿಗೂ ನಮ್ಮಲ್ಲಿ ಬರವಿಲ್ಲ. 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರು ದೊಡ್ಡಬಳ್ಳಾಪುರ ಬಳಿಯ ತಮ್ಮ ಜಮೀನನ್ನೇ ದಶಕಗಳ ಕಾಲ ಪಾಠಶಾಲೆ ಮಾಡಿಕೊಂಡಿದ್ದರು. ಬಂದವರಿಗೆ ಗೊಬ್ಬರದ ಗುಂಡಿಯ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದರು. ಅಂಥ ರೈತರು ಇವತ್ತಿಗೂ ಜಿಲ್ಲೆ ಜಿಲ್ಲೆಯಲ್ಲಿದ್ದಾರೆ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ತೆರೆಯಿತು; ಈಗ ಕರ್ನಾಟಕದ ಬಹುತೇಕ ಎಲ್ಲ ಜಿಲ್ಲೆಗಳಲ್ಲೂ ಅವು ಇವೆ, ಪ್ರಾತ್ಯಕ್ಷಿಕೆಯ ತಾಕುಗಳೂ ವಿಜ್ಞಾನಿಗಳೂ ಅಲ್ಲಿದ್ದಾರೆ. ಶಿಕ್ಷಣ ಇಲಾಖೆಯೂ ಈ ಕೇಂದ್ರಗಳೂ ಒಂದೇ ಜಿಲ್ಲೆಯಲ್ಲಿ ಇದ್ದುಕೊಂಡು ಒಬ್ಬರ ಗೇಟನ್ನು ಒಬ್ಬರು ದಾಟುವುದು ಅಪರೂಪ.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ, ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಬರುವ ಜೂನ್‌ಗೆ ಸಸಿ ಕೊಳ್ಳುವ ಮೊದಲು, ಮೇ ಕೊನೆಯ ವಾರದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಬ್ಬ ಒಳ್ಳೆಯ ಸಾವಯವ ಕೃಷಿಕರ ತೋಟಕ್ಕೋ ಪತ್ರ ಬರೆದು ಮೂರು ದಿನ ಕೇಳಿ. ಶಾಲೆಗೆ ಇಬ್ಬರಂತೆ ಹೋಗಿ, ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಉಳಿಯಲಿ. ಅಡುಗೆಯವರನ್ನು ಜೊತೆಗೆ ಕರೆದೊಯ್ಯಿರಿ. ನಿಮ್ಮ ಅಂಗಳದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ. ದಸರಾ ರಜೆಯ ನಂತರ ಆ ರೈತರನ್ನೇ ಶಾಲೆಗೆ ಕರೆಸಿ ಮಡಿ ತೋರಿಸಿ, ಅವರು 'ಇಲ್ಲಿ ತಪ್ಪಿದೆ ಸರ್' ಎಂದರೆ ಬೇಸರ ಮಾಡಿಕೊಳ್ಳದೆ ಕೇಳಿ. ಕಾಂಪೌಂಡಿನ ಮೇಲೆ ಹೆಸರು ಬರೆಸುವುದನ್ನು ಮೊದಲ ಕೊಯ್ಲಿನ ಸಾರು ಮಕ್ಕಳ ತಟ್ಟೆಗೆ ಬಿದ್ದ ಮೇಲೆ ಇಟ್ಟುಕೊಳ್ಳಿ.